ಗರುಡ ಛಾಪು ಊದುಬತ್ತಿಯೂ ನನ್ನ ಕ್ಯಾಮೆರಾವೂ

ಕತ್ತಲೆಯನ್ನು ಕಳೆದು ವಸ್ತುಗಳಿಗೆ ರೂಪವನ್ನು ಕರುಣಿಸುವ ಸೂರ್ಯನಾರಾಯಣನಿಗೆ ಮೊದಲ ನಮಸ್ಕಾರ. ಆ ಬೆಳಕನ್ನು ಗಾಜಿನ ಹಲಗೆಯ ಮೇಲೆ ಹಿಡಿದಿಡುವ ವಿದ್ಯೆಯನ್ನು ಯಾವ ದೇಶದ ಯಾವ ಮಹಾನುಭಾವನು ಕಂಡುಕೊಂಡನೋ, ಅವನಿಗೆ ಎರಡನೆಯದು. ಕಣ್ಣು ಕೊಟ್ಟ ತಾಯಿತಂದೆಗಳಿಗೂ, ಅಕ್ಷರ ತೋರಿಸಿದ ಗುರುಗಳಿಗೂ ಸಾಷ್ಟಾಂಗ. ಇನ್ನು ಮುಂದೆ ನಾನು ನಿವೇದಿಸಲಿರುವ ಅನಾಹುತಕ್ಕೆ ಇವರಲ್ಲಿ ಯಾರೂ ಹೊಣೆಗಾರರಲ್ಲ. ಅದನ್ನು ನಾನೊಬ್ಬನೇ, ಯಾರ ಸಹಾಯವೂ ಇಲ್ಲದೆ, ಸಂಪೂರ್ಣವಾಗಿ ನೆರವೇರಿಸಿದೆ!

ಆಗ ನನಗೆ ನಲವತ್ತು ವರ್ಷ. ಶಿವಮೊಗ್ಗೆಯ ಪಾಠಶಾಲೆಯೊಂದರಲ್ಲಿ ಸಂಸ್ಕೃತ ಪಂಡಿತನಾಗಿದ್ದೆ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಹೊಗೆಯಾಡುತ್ತಿತ್ತು. ಕಾಗದದ ಕಾರ್ಖಾನೆಗೆ ಇನ್ನೂ ನೆಲ ಅಳೆಯುತ್ತಿದ್ದರು. ಅಲ್ಲಿನ ಇಂಜಿನಿಯರೊಬ್ಬರ ಮಗನಿಗೆ ವಾರಕ್ಕೊಮ್ಮೆ ರೈಲಿನಲ್ಲಿ ಹೋಗಿ ಪಾಠ ಹೇಳುತ್ತಿದ್ದೆ. ಅವರಿಗೆ ಬೇರೆ ಊರಿಗೆ ವರ್ಗವಾದಾಗ ಗುರುದಕ್ಷಿಣೆಯೆಂದು ತಮ್ಮ ಹಳೆಯ ಕ್ಯಾಮೆರಾವನ್ನು ನನಗೆ ಕೊಟ್ಟು ಹೋದರು. ತೇಗದ ಪೆಟ್ಟಿಗೆ, ಹಿತ್ತಾಳೆಯ ಕಟ್ಟಿನ ಮಸೂರ, ಮೂರು ಕಾಲಿನ ಪೀಠ, ತಲೆಗೆ ಹೊದೆಯಲು ಕರಿಯ ಬಟ್ಟೆ.

ತುಂಗೆಯ ದಡದಲ್ಲಿ ಅದನ್ನು ನಿಲ್ಲಿಸಿ, ಬಟ್ಟೆಯೊಳಗೆ ತಲೆಯಿಟ್ಟು, ಹಿಂಬದಿಯ ಗಾಜನ್ನು ಮೊದಲ ಬಾರಿಗೆ ನೋಡಿದೆ. ನದಿ ಮೇಲೆ ಹರಿಯುತ್ತಿತ್ತು, ಮೋಡ ಕೆಳಗೆ ತೇಲುತ್ತಿತ್ತು! ತಲೆಯನ್ನು ಹೊರಗೆ ತೆಗೆದೆ, ಲೋಕ ಸರಿಯಾಗಿತ್ತು. ಮತ್ತೆ ಒಳಗಿಟ್ಟೆ, ತಲೆಕೆಳಗು. ಇದು ಹೇಗೆ, ಇದು ಏಕೆ ಎಂಬ ಜಿಜ್ಞಾಸೆಯಿಂದ ಎಷ್ಟು ಬಾರಿ ಒಳಗೆ ಹೊರಗೆ ಮಾಡಿದೆನೆಂದರೆ, ಬಟ್ಟೆ ಒಗೆಯುತ್ತಿದ್ದ ಹೆಂಗಸರು ಪಂಡಿತರಿಗೆ ಏನೋ ಆಗಿದೆಯೆಂದು ಮನೆಗೆ ಹೇಳಿಕಳುಹಿಸಿದರು.

ಮೊದಲು ಮನುಷ್ಯರ ಚಿತ್ರಗಳನ್ನು ತೆಗೆದೆ. ಅವರು ಅಲುಗಾಡಿದರು. ಮದುವೆಯೊಂದರಲ್ಲಿ ಮದುಮಗನಿಗೆ ಮೂರು ಮೂಗು ಬಂದ ಮೇಲೆ ನಾನು ಮರಗಳ ಕಡೆಗೆ ತಿರುಗಿದೆ. ಮರ ಅಲುಗುವುದಿಲ್ಲ, ಮುನಿಯುವುದಿಲ್ಲ, "ನಾನು ಇಷ್ಟು ಕಪ್ಪಾ?" ಎಂದು ಕೇಳುವುದಿಲ್ಲ. ಹೀಗೆ ಅನಿವಾರ್ಯವಾಗಿ ನಾನು ಪ್ರಕೃತಿ ಛಾಯಾಗ್ರಾಹಕನಾದೆ. ಮನೆಯ ಮುಂದೆ ಆ ಹೆಸರಿನ ಹಲಗೆಯನ್ನೂ ತೂಗುಹಾಕಿದೆ.

ಮಸೂರದ ಮುಚ್ಚಳವನ್ನು ಎಷ್ಟು ಹೊತ್ತು ತೆರೆದಿಡಬೇಕೆಂಬುದಕ್ಕೆ ಇತರರು ಗಡಿಯಾರ ನೋಡುತ್ತಿದ್ದರು. ನನಗೆ ಸಂಧ್ಯಾವಂದನೆಯ ಕೇಶವಾದಿ ಇಪ್ಪತ್ತನಾಲ್ಕು ನಾಮಗಳಿದ್ದವು. ಬಿಸಿಲಿನಲ್ಲಿರುವ ಬಂಡೆಗೆ ಕೇಶವ, ನಾರಾಯಣ, ಮಾಧವ, ಅಷ್ಟು ಸಾಕು. ಮರದ ನೆರಳಾದರೆ ತ್ರಿವಿಕ್ರಮನವರೆಗೆ. ಗುಹೆಯ ಬಾಯಿಯಾದರೆ ಇಪ್ಪತ್ತನಾಲ್ಕೂ ಮುಗಿಯಬೇಕು. ಚಿತ್ರವೂ ಬರುತ್ತಿತ್ತು, ಪುಣ್ಯವೂ ಬರುತ್ತಿತ್ತು.

ಇನ್ನು ಪ್ಲೇಟನ್ನು, ಎಂದರೆ ಆ ಗಾಜಿನ ಹಲಗೆಯನ್ನು, ತೊಳೆದು ಚಿತ್ರ ಮೂಡಿಸಲು ಕತ್ತಲೆಯ ಕೋಣೆ ಬೇಕು. ಮನೆಯಲ್ಲಿ ಕಿಟಕಿಯಿಲ್ಲದ ಕೋಣೆಯೆಂದರೆ ಉಗ್ರಾಣವೊಂದೇ. ನನ್ನ ಧರ್ಮಪತ್ನಿ ಸಾವಿತ್ರಮ್ಮನ ಉಪ್ಪಿನಕಾಯಿ ಭರಣಿಗಳ ನಡುವೆ ನನ್ನ ದ್ರಾವಣಗಳು ಸ್ಥಾಪಿತವಾದವು. ಹೈಪೊ ಎಂಬ ಬಿಳಿಯ ಹರಳಿನ ಔಷಧಿ ಕಲ್ಲುಸಕ್ಕರೆಯ ಪಕ್ಕದಲ್ಲೇ ಇತ್ತು. ಒಂದು ಶುಕ್ರವಾರ ದೇವರಿಗೆ ಹೈಪೊ ನೈವೇದ್ಯವಾಯಿತು. ದೇವರು ದಯಾಮಯ, ಏನೂ ಅನ್ನಲಿಲ್ಲ. ಸಾವಿತ್ರಿ ಅಂದಳು.

ಹೀಗಿರುವಾಗ ಪೇಟೆಯ ಊದುಬತ್ತಿ ವ್ಯಾಪಾರಿ ಶಿವಲಿಂಗಪ್ಪನವರು ಒಂದು ಬೆಳಿಗ್ಗೆ ಮನೆಗೆ ದಯಮಾಡಿಸಿದರು.

"ಪಂಡಿತ್ರೇ, ಹೊಸಾ ಮಾಲು ತರ್ತಾ ಇದ್ದೀನಿ. ಗರುಡ ಛಾಪು. ಪೊಟ್ಟಣದ ಮೇಲೆ ಬರೆದ ಚಿತ್ರ ಬೇಡ, ನಿಜವಾದ ಗರುಡನೇ ಬೇಕು. ರೆಕ್ಕೆ ಬಿಚ್ಚಿರ್ಬೇಕು. ನವರಾತ್ರೀಲಿ ಭದ್ರಾವತಿ ಅಧಿಕಾರಿಗಳ ಕ್ಲಬ್ಬಲ್ಲಿ ಪ್ರಕೃತಿ ಚಿತ್ರಗಳ ಪ್ರದರ್ಶನ ಇದೆ. ಅಲ್ಲಿ ದೊಡ್ಡದಾಗಿ ಕಟ್ಟು ಹಾಕ್ಸಿ ತೂಗಾಕೋಣ. ನಿಮ್ಮ ಮರ ಗಿಡಾನೂ ತನ್ನಿ, ಪಕ್ಕದಲ್ಲಿರ್ಲಿ. ಆಗುತ್ತಾ?"

"ಅದೇನು ಮಹಾ ಯಜಮಾನ್ರೇ! ಗರುಡ ದಿನಾ ನಮ್ಮ ಹೊಳೆ ಮೇಲೇ ಹಾರ್ತಾನೆ," ಎಂದೆ.

ಅವರು ಹೋದ ಮೇಲೆ ಸಾವಿತ್ರಿ ಉಗ್ರಾಣದ ಬಾಗಿಲಿಗೆ ಒರಗಿ ನಿಂತಳು.

"ಏನೂಂದ್ರೆ, ಒಂದು ಮಾತು ಆಗೋಗ್ಲಿ. ನವರಾತ್ರಿ ಒಳಗೆ ನಿಮ್ಮ ಕೈಯಾರೆ ಗರುಡನ ಫೋಟೋ ಬಂತೋ, ಈ ಉಗ್ರಾಣ ನಿಮಗೇ. ನಾನು ಉಪ್ಪಿನಕಾಯಿ ಅಟ್ಟದ ಮೇಲಿಟ್ಕೋತೀನಿ. ಬರ್ಲಿಲ್ವೋ, ಆ ಪೆಟ್ಟಿಗೆ, ಆ ಹಲಗೆ, ಎರಡೂ ಈ ಮನೆ ಬಿಡ್ಬೇಕು."

"ಬಿಟ್ಟಿತು ಅಂದ್ಕೋ ಮಾರಾಯ್ತಿ, ಉಪ್ಪಿನಕಾಯಿ!" ಎಂದು ನಗುತ್ತ ಮಾತು ಕೊಟ್ಟೆ. ಮಾತು ಎಂದರೆ ಮಾತು. ನನ್ನ ಕಲಾಜೀವನವೆಲ್ಲವೂ ಆ ಕ್ಷಣದಲ್ಲಿ ಒಂದು ಪಕ್ಷಿಯ ರೆಕ್ಕೆಗೆ ಕಟ್ಟಿಹೋಯಿತು.

ಹಾರುವ ಪಕ್ಷಿಗೆ ಮುಚ್ಚಳ ತೆರೆದು ನಾಮ ಹೇಳುತ್ತ ಕೂರುವಂತಿಲ್ಲ. ಕೇಶವನ ಮೊದಲ ಅಕ್ಷರಕ್ಕೇ ಅದು ಹೊಳೆಯಾಚೆ ಇರುತ್ತದೆ. ಅದಕ್ಕೆಂದೇ ಮಸೂರಕ್ಕೆ ಪರದೆಯೊಂದನ್ನು ಜೋಡಿಸಿದ್ದರು. ಪರದೆಗೆ ರಬ್ಬರಿನ ನಳಿಗೆಯೂ ಅದರ ತುದಿಗೆ ರಬ್ಬರಿನ ಉಂಡೆಯೂ ಇದ್ದವು. ಉಂಡೆಯನ್ನು ಹಿಸುಕಿದರೆ ಪರದೆ ರಪ್ಪನೆ ತೆರೆದು ಮುಚ್ಚಿಕೊಳ್ಳುತ್ತದೆ. ಅಷ್ಟೇ ಕೆಲಸ.

ಎದೆ ಬಿಳುಪು, ಮೈ ಕಾವಿಯ ಬಣ್ಣ. ತುಂಗೆಯ ಮೇಲೆ ಗರುಡ ಬಂದ. ನಾನು ಹಿಸುಕಿದೆ. ಮನೆಗೆ ಬಂದು ಉಗ್ರಾಣದಲ್ಲಿ ಪ್ಲೇಟನ್ನು ತೊಳೆದೆ. ಬರಿಯ ಆಕಾಶ! ಮರುದಿನ ಮತ್ತೆ ಬಂದ, ಮತ್ತೆ ಹಿಸುಕಿದೆ. ಆಕಾಶ! ಆರು ದಿನ, ಆರು ಪ್ಲೇಟು, ಆರು ಆಕಾಶ. ಒಂದರಲ್ಲಿ ಮೋಡವಿತ್ತು.

ನನಗೆ ದುಃಖಕ್ಕಿಂತ ಕುತೂಹಲವೇ ಹೆಚ್ಚಾಯಿತು. ಪಕ್ಷಿಯನ್ನು ಕಣ್ಣಾರೆ ಕಂಡಿದ್ದೇನೆ, ಉಂಡೆಯನ್ನು ಕೈಯಾರೆ ಹಿಸುಕಿದ್ದೇನೆ. ಹಾಗಾದರೆ ನಡುವೆ ಏನಾಗುತ್ತಿದೆ? ಪರೀಕ್ಷೆಗೆಂದು ಕಾಗೆಯ ಚಿತ್ರ ತೆಗೆದೆ, ಬಂತು. ಕೊಕ್ಕರೆ ಬಂತು. ಮಿಂಚುಳ್ಳಿ ಕೂಡ ಮಂಜುಮಂಜಾಗಿ ಬಂತು. ಗರುಡನೊಬ್ಬನೇ ಬರುವುದಿಲ್ಲ! ಮೂರು ದಿನ ಚಿಂತಿಸಿ ನಾಲ್ಕು ಪುಟದ ಪ್ರಬಂಧವೊಂದನ್ನು ರಚಿಸಿದೆ. ವಿಷ್ಣುವಿನ ವಾಹನವಾದ ಪಕ್ಷಿಯ ದೇಹದಲ್ಲಿ ದಿವ್ಯಾಂಶವಿರುವುದರಿಂದ ಅದು ಮ್ಲೇಚ್ಛದೇಶದಲ್ಲಿ ತಯಾರಾದ ಗಾಜಿನ ಮೇಲೆ ಪ್ರತಿಬಿಂಬಿಸಲಾರದು ಎಂದು ಪೂರ್ವಪಕ್ಷ, ಉತ್ತರಪಕ್ಷಗಳ ಸಹಿತ ಸಾಧಿಸಿದೆ. ಪಾಠಶಾಲೆಯಲ್ಲಿ ಓದಿದೆ, ಸಹೋದ್ಯೋಗಿಗಳು ತಲೆದೂಗಿದರು. ಶಿವಲಿಂಗಪ್ಪನವರ ಅಂಗಡಿಗೂ ಹೋಗಿ ಓದಿದೆ.

ಅವರು ಕೊನೆಯವರೆಗೆ ತಾಳ್ಮೆಯಿಂದ ಕೇಳಿದರು. ಆಮೇಲೆ, "ಅಲ್ಲ ಪಂಡಿತ್ರೇ, ಕಾಗೆ ಚೆನ್ನಾಗಿ ಬಂತು ಅಂದ್ರಲ್ಲ, ಹಾಗಾದ್ರೆ ಕಾಗೆ ಛಾಪು ಊದುಬತ್ತಿ ಅಂತ ಹೆಸರಿಡ್ಲಾ? ತಿಥಿಗೆ ವ್ಯಾಪಾರ ಆಗುತ್ತೆ!" ಎಂದರು. ನಾನು ಪ್ರಬಂಧವನ್ನು ಮಡಿಸಿದೆ. "ಪ್ರದರ್ಶನಕ್ಕೆ ಹತ್ತು ದಿನ ಇದೆ. ಭದ್ರಾವತೀಲಿ ಹೊಳೆ ದಂಡೆ ಮೇಲೆ ಗೂಡೇ ಇದೆಯಂತೆ. ಹೋಗಿ ಬನ್ನಿ ಮಾರಾಯ್ರೆ," ಎಂದು ಕಳುಹಿಸಿಕೊಟ್ಟರು.

ಪಾಠಶಾಲೆಗೆ ರಜೆಯಿದ್ದ ದಿನ ಮೂರು ಪ್ಲೇಟುಗಳೊಡನೆ ಬೆಳಗಿನ ರೈಲಿನಲ್ಲಿ ಭದ್ರಾವತಿಗೆ ಹೋಗಿ ಇಳಿದೆ. ನಿಲ್ದಾಣದ ಹೊರಗೆ ಜಟಕಾ ಗಾಡಿಯ ರಸೂಲ್ ಸಾಬರು ನನ್ನನ್ನೂ ಕ್ಯಾಮೆರಾದ ಮೂರು ಕಾಲನ್ನೂ ನೋಡಿ, ಕುದುರೆಯ ಬೆನ್ನು ತಟ್ಟುತ್ತ ಕೇಳಿದರು.

"ಪಂಡಿತ್‌ಜೀ, ಏನಿದು, ಜಮೀನ್ ಅಳೆಯೋದಾ?"

"ಅಲ್ಲ ಸಾಬರೇ, ಗರುಡನ ಫೋಟೋ ತೆಗೆಯೋದು."

"ಅರೇ! ಹೊಳೆ ಹತ್ರ ಮತ್ತಿ ಮರದಲ್ಲಿ ಗೂಡೈತೆ. ಮರಿ ಬೇರೆ ಐತೆ. ಬಂಡೆ ಮೇಲೆ ಮೀನು ಇಟ್ರೆ ಬಂದೇ ಬರ್ತದೆ. ನಡೀರಿ, ನಂಗೂ ನೋಡ್ಬೇಕು!"

ದಾರಿಯಲ್ಲಿ ಬೆಸ್ತರ ಬಳಿ ಗಾಡಿ ನಿಲ್ಲಿಸಿ ಸಾಬರು ಮೀನು ತಂದರು. ನಾನು ಗಾಡಿಯ ಇನ್ನೊಂದು ಅಂಚಿಗೆ ಸರಿದು, ಉತ್ತರೀಯವನ್ನು ಮೂಗಿಗೆ ಒತ್ತಿಕೊಂಡು, ಕಲೆಗಾಗಿ ಮನುಷ್ಯನು ಏನೇನನ್ನು ಸಹಿಸಬೇಕಾಗುತ್ತದೆಂದು ಆಲೋಚಿಸಿದೆ. ಕುದುರೆಯೂ ಒಮ್ಮೆ ಹಿಂತಿರುಗಿ ನೋಡಿತು.

ಭದ್ರೆಯ ದಡದಲ್ಲಿ ಸಾಬರು ಬಂಡೆಯ ಮೇಲೆ ಮೀನಿಟ್ಟರು. ನಾನು ಎದುರಿಗೆ ಕ್ಯಾಮೆರಾ ಹೂಡಿ, ರುಮಾಲನ್ನೂ ಕನ್ನಡಕವನ್ನೂ ತೆಗೆದು ಸಾಬರ ಕೈಗಿತ್ತು, ಕರಿಯ ಬಟ್ಟೆಯೊಳಗೆ ನುಸುಳಿ ಎಲ್ಲವನ್ನೂ ಹೊಂದಿಸಿದೆ. ಹೊರಗೆ ಬಂದು ಉಂಡೆ ಹಿಡಿದು ನಿಂತೆ. ಅರ್ಧ ಗಳಿಗೆಯೊಳಗೆ ಗರುಡ ಬಂದ. ಮೊದಲನೆಯ ಪ್ಲೇಟು ಮುಗಿಯಿತು.

ಸಾಬರು ಗಂಟಲು ಸರಿಮಾಡಿಕೊಂಡರು.

"ಪಂಡಿತ್‌ಜೀ, ಒಂದು ಮಾತು. ಗುಸ್ಸಾ ಆಗ್ಬಾರ್ದು."

"ಹೇಳಿ ಸಾಬರೇ."

"ನೀವು ಫೋಟೋ ತೆಗೆಯೋಕೆ ಬಂದ್ರಾ, ಪೂಜೆ ಮಾಡೋಕೆ ಬಂದ್ರಾ?"

"ಹಾಗಂದ್ರೆ?"

"ಹಕ್ಕಿ ಬಂತಾ? ನೀವು ಉಂಡೆ ಕೆಳಗೆ ಬಿಟ್ರಿ. ಕೈ ಮುಗಿದ್ರಿ. ಕಣ್ಣು ಮುಚ್ಚಿದ್ರಿ. ಬಾಯಲ್ಲಿ ಏನೋ ಪಟಪಟ ಅಂದ್ರಿ. ಹಕ್ಕಿ ಮೀನು ಎತ್ಕೊಂಡು ಹೋಯ್ತು. ಆಮೇಲೆ ನೀವು ಉಂಡೆ ಹುಡುಕಿ ಹಿಸುಕಿದ್ರಿ. ಅಲ್ಲಿ ಏನೈತೆ ಆಗ? ಖಾಲಿ ಆಸ್ಮಾನ್!"

"ನಾನೇ? ಸಾಧ್ಯವೇ ಇಲ್ಲ!"

"ಖುದಾ ಕಸಮ್. ಬೇಕಾದ್ರೆ ಕುದುರೇನ ಕೇಳಿ."

ನಾನು ಬಂಡೆಯಂತೆ ನಿಂತೆ. ಗರುಡನನ್ನು ಕಂಡರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು, ಕೈ ಜೋಡಿಸಿ, ಕಣ್ಣು ಮುಚ್ಚಿ ಮೂರು ಬಾರಿ ಸ್ಮರಿಸಬೇಕೆಂದು ನನ್ನ ಅಜ್ಜಿ ನನಗೆ ಮೂರನೆಯ ವಯಸ್ಸಿನಲ್ಲಿ ಕಲಿಸಿದ್ದಳು. ಅಂದಿನಿಂದ ಅದು ಕಣ್ಣಿನ ರೆಪ್ಪೆ ಬಡಿದಷ್ಟೇ ಸಹಜವಾಗಿ ನಡೆದುಬಂದಿತ್ತು. ರೆಪ್ಪೆ ಬಡಿದದ್ದು ಯಾರಿಗಾದರೂ ನೆನಪಿರುತ್ತದೆಯೇ? ಆರು ಆಕಾಶಗಳ ರಹಸ್ಯ ಬಯಲಾಯಿತು. ನನ್ನ ನಾಲ್ಕು ಪುಟದ ಸಿದ್ಧಾಂತವನ್ನು ಜಟಕಾ ಗಾಡಿಯವರೊಬ್ಬರು ಕುದುರೆಯ ಸಾಕ್ಷ್ಯದೊಡನೆ ಖಂಡಿಸಿಬಿಟ್ಟರು!

"ಇಷ್ಟೇ ತಾನೇ, ಚಿಕ್ಕಂದಿನಿಂದ ಬಂದ ಅಭ್ಯಾಸ. ಈಗ ಗೊತ್ತಾಯಿತಲ್ಲ, ಇನ್ನು ಕೈ ಮುಗಿಯುವುದಿಲ್ಲ," ಎಂದೆ.

"ಆಗಲ್ಲ ಪಂಡಿತ್‌ಜೀ. ನಲವತ್ತು ವರ್ಷದ ಆದತ್. ಕೈ ಕಟ್ಬೇಕು."

ಸಾಬರು ತಮ್ಮ ಟವೆಲಿನಿಂದ ನನ್ನ ಬಲಗೈಯನ್ನು ಕ್ಯಾಮೆರಾದ ಒಂದು ಕಾಲಿಗೆ ಬಿಗಿದರು. ಎಡಗೈಗೆ ಉಂಡೆಯನ್ನು ಕೊಟ್ಟರು. ಬಂಡೆಯ ಮೇಲೆ ಎರಡನೆಯ ಮೀನು ಬಂತು. ಗರುಡ ಇಳಿದ. ನನ್ನ ಬಲಗೈ ತನ್ನ ಜೊತೆಗಾರನನ್ನು ಸೇರಲು ಹೊರಟಿತು. ಅದರ ಹಿಂದೆ ಟವೆಲು ಹೊರಟಿತು, ಅದರ ಹಿಂದೆ ಪೀಠದ ಕಾಲು. ಕ್ಯಾಮೆರಾ ನನ್ನೊಡನೆ ಭಕ್ತಿಯಿಂದ ಬಾಗಿ ಸಾಷ್ಟಾಂಗ ಮಾಡಿತು! ಎರಡು ಕೈಗಳ ನಡುವೆ ಸಿಕ್ಕಿದ ಉಂಡೆ ತನ್ನ ಕರ್ತವ್ಯವನ್ನು ನಿರ್ವಹಿಸಿತು. ಆ ಪ್ಲೇಟಿನಲ್ಲಿ ಆಮೇಲೆ ಮರಳೂ ಕುದುರೆಯ ಎರಡು ಹಿಂಗಾಲುಗಳೂ ಬಹಳ ಸ್ಪಷ್ಟವಾಗಿ ಮೂಡಿದವು.

ಮಸೂರ ಒಡೆಯಲಿಲ್ಲ. ಪ್ಲೇಟು ಉಳಿದದ್ದು ಒಂದು, ಮೀನು ಉಳಿದದ್ದು ಒಂದು. ನಾನು ಮರಳಿನ ಮೇಲೆ ಕುಳಿತುಬಿಟ್ಟೆ. ಹಲಗೆ, ಉಗ್ರಾಣ, ಪ್ರದರ್ಶನ ಎಲ್ಲವೂ ಭದ್ರೆಯಲ್ಲಿ ತೇಲಿಹೋಗುತ್ತಿರುವಂತೆ ಕಂಡವು.

"ಪಂಡಿತ್‌ಜೀ, ನೀವು ಕೈ ಮುಗೀರಿ. ಅದು ನಿಮ್ಮ ಕೆಲ್ಸ. ಉಂಡೆ ನಾನು ಹಿಸುಕ್ತೀನಿ," ಎಂದರು ಸಾಬರು.

ಬೇರೆ ದಾರಿಯಿರಲಿಲ್ಲ. ಎಲ್ಲವನ್ನೂ ಮತ್ತೆ ನಾನೇ ಹೊಂದಿಸಿದೆ. ಉಂಡೆಯನ್ನು ಅವರ ಕೈಗೆ ಕೊಟ್ಟು ಪಕ್ಕಕ್ಕೆ ನಿಂತೆ. ಜೀವಮಾನದಲ್ಲಿ ಮೊದಲ ಬಾರಿಗೆ ಕೆಲಸದ ಭಾರವಿಲ್ಲದೆ ಗರುಡನನ್ನು ಕಾಯುತ್ತಿದ್ದೆ. ಅವನು ಬಂದ. ಎಂಥ ಇಳಿತ ಅದು! ರೆಕ್ಕೆಗಳೆರಡೂ ಹರಡಿ, ಗಾಳಿಯ ಮೇಲೆ ಕುಳಿತಂತೆ! ನನ್ನ ಕೈ ಜೋಡಿದವು, ಕಣ್ಣು ಮುಚ್ಚಿದವು, ಕಾಲುಗಳು ತಾವಾಗಿಯೇ ಅವನ ಕಡೆಗೆ ನಡೆದವು.

"ಬಾಜೂ! ಬಾಜೂ ಸರೀರಿ ಪಂಡಿತ್‌ಜೀ!" ಎಂದು ಯಾರೋ ಕೂಗುತ್ತಿದ್ದರು. ಆ ಸಮಯದಲ್ಲಿ ನಾನು ಮೂರನೆಯ ಸ್ಮರಣೆಯಲ್ಲಿದ್ದೆ. ರಪ್ಪನೆ ಪರದೆಯ ಸದ್ದಾಯಿತು.

ಮರುದಿನ ಹಾಡಹಗಲೇ ಉಗ್ರಾಣದ ಬಾಗಿಲು ಮುಚ್ಚಿ, ಕೆಂಪು ದೀಪದಲ್ಲಿ ಆ ಪ್ಲೇಟನ್ನು ದ್ರಾವಣದಲ್ಲಿ ತೂಗಿದೆ. ಸಾವಿತ್ರಿಯೂ ಕುತೂಹಲ ತಾಳಲಾರದೆ ಒಳಗೆ ಬಂದು ನಿಂತಿದ್ದಳು. ನೆಗೆಟಿವಿನಲ್ಲಿ ಬಿಳಿದು ಕರಿದಾಗಿಯೂ ಕರಿದು ಬಿಳಿದಾಗಿಯೂ ಕಾಣುತ್ತದೆ. ಮೊದಲು ರೆಕ್ಕೆ ಮೂಡಿತು. ಆಮೇಲೆ ಕೊಕ್ಕು, ಉಗುರು. ಗರುಡ! ಸಂಪೂರ್ಣ ಗರುಡ! ಅದರ ರೆಕ್ಕೆಯ ಕೆಳಗೇ ಇನ್ನೇನೋ ಮೂಡತೊಡಗಿತು.

"ಇದ್ಯಾರೇ ಸಾವಿತ್ರಿ, ಕರೀ ಮುಖ, ಬಿಳೀ ಜುಟ್ಟು, ಕೈ ಮುಗಿದುಕೊಂಡು? ಯಕ್ಷನೋ, ಗಂಧರ್ವನೋ?"

ಅವಳು ಬಗ್ಗಿ ನೋಡಿದಳು. "ಇಪ್ಪತ್ತೆರಡು ವರ್ಷದಿಂದ ನೋಡ್ತಿದ್ದೀನಲ್ಲ, ಬಣ್ಣ ಉಲ್ಟಾ ಆದ್ರೇನು, ಗುರುತು ಸಿಗಲ್ವಾ? ಗಂಧರ್ವ ಅಲ್ಲ. ನೀವೇ!"

ನನ್ನ ಭಾಗವನ್ನು ಕತ್ತರಿಸಿಬಿಡೋಣವೆಂದರೆ ಗರುಡನ ಎಡರೆಕ್ಕೆ ಸರಿಯಾಗಿ ನನ್ನ ತಲೆಯ ಮೇಲಿತ್ತು. ನಾನು ಹೋದರೆ ರೆಕ್ಕೆಯೂ ಹೋಗುತ್ತಿತ್ತು. ಹೇಗೂ ಗರುಡ ಬಂದಿದ್ದನಲ್ಲ, ಸಾವಿತ್ರಿ ಆ ಸಂಜೆಯೇ ಮಾತಿನಂತೆ ಭರಣಿಗಳನ್ನು ಅಟ್ಟಕ್ಕೇರಿಸಿದಳು.

ಕಾಗದದ ಮೇಲೆ ಅಚ್ಚಿಳಿಸಿದ ಚಿತ್ರವನ್ನು ಶಿವಲಿಂಗಪ್ಪನವರು ನಮ್ಮ ಜಗುಲಿಯಲ್ಲಿ ಕುಳಿತು ನೋಡಿದರು.

"ಅಬ್ಬಬ್ಬಾ! ಪಂಡಿತ್ರೇ, ಮೇಲೆ ಗರುಡ, ಕೆಳಗೆ ಭಕ್ತ! ನಾನು ಕೇಳಿದ್ದಕ್ಕಿಂತ ಹೆಚ್ಚೇ ಆಯ್ತು. ಈ ಭಕ್ತನ್ನ ಎಲ್ಲಿ ಹಿಡಿದ್ರಿ? ಮುಖದಲ್ಲಿ ಎಂಥ ಕಳೆ! ತಲೇಲಿ ಒಂದಿಷ್ಟೂ ಏನೂ ಇಲ್ಲದೋರಿಗೇ ಇಂಥ ಕಳೆ ಬರೋದು!"

ರುಮಾಲು, ಕನ್ನಡಕಗಳಿಲ್ಲದ ನನ್ನನ್ನು ಅವರು ಎಂದೂ ನೋಡಿರಲಿಲ್ಲ. ನಾನು ಮೆಲ್ಲನೆ ಎರಡನ್ನೂ ತೆಗೆದೆ. ಅವರು ಒಮ್ಮೆ ಚಿತ್ರವನ್ನೂ ಒಮ್ಮೆ ನನ್ನನ್ನೂ ನೋಡಿದರು.

"ಶಿವ ಶಿವಾ! ತಪ್ಪಾಯ್ತು ಪಂಡಿತ್ರೇ... ಅಲ್ಲ, ನೀವು ಇಲ್ಲಿದ್ರೆ, ಫೋಟೋ ತೆಗೆದೋರು ಯಾರು?"

ಬಾಗಿಲ ಹಿಂದೆ ಬಳೆಗಳು ಒಮ್ಮೆ ಸದ್ದಾಗಿ ಸುಮ್ಮನಾದವು. ಶಾಸ್ತ್ರ ಓದಿದವನಿಗೆ ಸುಳ್ಳಿಗೆ ಸತ್ಯದ ಪಂಚೆ ಉಡಿಸಲು ಹತ್ತು ದಾರಿಗಳಿವೆ. ಕ್ಯಾಮೆರಾ ನನ್ನದು, ಹೊಂದಿಸಿದವನು ನಾನು, ತೊಳೆದವನು ನಾನು. ಉಂಡೆ ಹಿಸುಕುವುದೇನು ದೊಡ್ಡ ವಿದ್ಯೆ? ದಾರವೊಂದನ್ನು ಕಾಲಿನಿಂದ ಎಳೆದೆ ಎಂದರೂ ನಂಬುತ್ತಿದ್ದರು. ಉಗ್ರಾಣ ನನ್ನದಾಗುತ್ತಿತ್ತು. ನಾಲಿಗೆಯ ತುದಿಗೆ ಬಂದೂಬಿಟ್ಟಿತು. ಆದರೆ ಚಿತ್ರದಲ್ಲಿ ಗರುಡನಿದ್ದ. ನನ್ನ ಕಣ್ಣು ಮುಚ್ಚಿತ್ತು, ಅವನದು ಮುಚ್ಚಿರಲಿಲ್ಲ.

"ಭದ್ರಾವತಿಯ ಜಟಕಾ ಗಾಡಿ ರಸೂಲ್ ಸಾಬರು," ಎಂದೆ.

ಬಾಗಿಲ ಹಿಂದಿನಿಂದ ಸಾವಿತ್ರಿಯ ಧ್ವನಿ ಬಂತು: "ಯಜಮಾನ್ರಿಗೆ ಕಾಫಿ ತರ್ಲಾ? ಹಾಗೇ ಅಟ್ಟದ ಮೇಲಿನ ಭರಣಿ ಇಳಿಸೋಕೆ ಒಬ್ಬ ಆಳು ಬೇಕಾಗಿತ್ತು."

ನವರಾತ್ರಿಯಲ್ಲಿ ಭದ್ರಾವತಿಯ ಕ್ಲಬ್ಬಿನ ಹಾಲಿನಲ್ಲಿ ಪ್ರದರ್ಶನ ನಡೆಯಿತು. ನಡುಗೋಡೆಯ ಮೇಲೆ ದೊಡ್ಡ ಕಟ್ಟಿನಲ್ಲಿ ಆ ಚಿತ್ರ. ಕೆಳಗೆ ಅಂದವಾದ ಅಕ್ಷರಗಳಲ್ಲಿ ಚೀಟಿ: "ಗರುಡ. ಛಾಯಾಗ್ರಾಹಕರು: ರಸೂಲ್ ಸಾಹೇಬರು." ಭಕ್ತನ ಹೆಸರನ್ನು ಯಾರೂ ಬರೆದಿರಲಿಲ್ಲ. ಪಕ್ಕದ ಗೋಡೆಯಲ್ಲಿ ನನ್ನ ಹತ್ತು ಮರಗಳಿದ್ದವು. ಅವುಗಳ ಮುಂದೆ ನಿಂತು ನೋಡಿದವರು ಒಬ್ಬರೇ. ಅವರು ತಮ್ಮ ಕೊಡೆಯನ್ನು ಒರಗಿಸಲು ಜಾಗ ಹುಡುಕುತ್ತಿದ್ದರು.

ನಡುಗೋಡೆಯ ಬಳಿ ನೂಕುನುಗ್ಗಲು. ನಾನು ಒಂದು ಕಂಬದ ಮರೆಯಲ್ಲಿ ನಿಂತು ಗಮನಿಸಿದೆ. ಬಂದ ಹಿರಿಯರಲ್ಲಿ ಅರ್ಧ ಮಂದಿ ಚಿತ್ರ ಕಂಡೊಡನೆ ಕೈ ಮುಗಿದು, ಕಣ್ಣು ಮುಚ್ಚಿ, ಕಣ್ಣು ಬಿಡುವಷ್ಟರಲ್ಲಿ ಹಿಂದಿನವರ ನೂಕಿಗೆ ಮುಂದಕ್ಕೆ ಹೋಗಿಬಿಡುತ್ತಿದ್ದರು. ಚಿತ್ರ ಹೇಗಿತ್ತೆಂದು ಅವರಿಗೆ ಇಂದಿಗೂ ಗೊತ್ತಿರಲಾರದು!

ಮದರಾಸಿನ ಕಡೆಯ ಅಧಿಕಾರಿಯೊಬ್ಬರು, ಹೊಸ ಟೋಪಿಯಲ್ಲಿ ಬಂದಿದ್ದ ಸಾಬರ ಕೈ ಕುಲುಕಿದರು.

"ಪ್ರಮಾದಂ! ಬಹಳ ಚೆನ್ನಾಗಿದೆ! ಇದು ಎಷ್ಟು ವರ್ಷದ ಅಭ್ಯಾಸಂ?"

"ಒಂದೇ ಸಲ ಹಿಸುಕಿದ್ದು, ಹುಜೂರ್."

"ರೊಂಬ ವಿನಯಂ!" ಎಂದು ಅಧಿಕಾರಿಗಳು ಮೆಚ್ಚಿಕೊಂಡರು. ಸಾಬರು ಕಂಬದ ಮರೆಯಲ್ಲಿದ್ದ ನನ್ನನ್ನು ಎಳೆದು ತಂದು, "ಪೆಟ್ಟಿಗೆ ಇವ್ರದ್ದು ಹುಜೂರ್. ಇದ್ರಲ್ಲಿ ನಿಂತಿರೋದೂ ಇವ್ರೇ," ಎಂದರು. ಅಧಿಕಾರಿಗಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಓಹೋ! ಚೆನ್ನಾಗಿ ನಿಂತಿದ್ದೀರಿ," ಎಂದರು. ಒಬ್ಬ ಛಾಯಾಗ್ರಾಹಕನಾಗಿ ನನಗೆ ಸಂದ ಏಕೈಕ ಪ್ರಶಸ್ತಿ ಇದು.

ಮಾತಿನಂತೆ ಉಗ್ರಾಣವನ್ನು ತೆರವು ಮಾಡಿದೆ. ಹಲಗೆಯನ್ನು ಸಾವಿತ್ರಿ ಹಪ್ಪಳ ಒಣಗಿಸಲು ತೆಗೆದುಕೊಂಡಳು. ಕ್ಯಾಮೆರಾವನ್ನು ಸಾಬರಿಗೆ ಕೊಟ್ಟುಬಿಟ್ಟೆ. ಮುಂದೆ ಕಾಗದದ ಕಾರ್ಖಾನೆಯ ಸುತ್ತ ಕಾಗದನಗರ ಎದ್ದು ಸಂಸಾರಗಳು ಬಂದು ನೆಲೆಸಿದ ಮೇಲೆ ಅವರು ಅಲ್ಲೊಂದು ಕೋಣೆ ಹಿಡಿದು ಜನರ ಚಿತ್ರಗಳನ್ನು ತೆಗೆಯತೊಡಗಿದರು. "ಹೋ... ಹೋ... ನಿಲ್ಲು ಬೇಟಾ," ಎಂದು ಕುದುರೆಗೆ ಹೇಳುವ ದನಿಯಲ್ಲಿಯೇ ಹೇಳುತ್ತಿದ್ದರಂತೆ. ಜನ ನಿಲ್ಲುತ್ತಿದ್ದರು! ಅವರು ತೆಗೆದ ಮದುಮಕ್ಕಳಿಗೆಲ್ಲ ಒಂದೊಂದೇ ಮೂಗು.

ಊದುಬತ್ತಿಯೂ ಬಲು ಚೆನ್ನಾಗಿ ನಡೆಯಿತು. ಪೊಟ್ಟಣದ ಮೇಲೆ ಗರುಡನೊಡನೆ ನಾನೂ ಮನೆಮನೆಯನ್ನು ಹೊಕ್ಕೆ. ಪಾಠಶಾಲೆ ಮುಗಿಸಿ ನಾನು ಪೇಟೆಯಲ್ಲಿ ಹೋಗುತ್ತಿದ್ದರೆ, "ಊದುಬತ್ತಿ ಪಂಡಿತ್ರು ಬಂದ್ರು," ಎಂದು ದಾರಿ ಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಬೇರೆ ಛಾಪಿನದು ಉರಿಯುತ್ತಿತ್ತು. ಏಕೆಂದು ಕೇಳಿದ್ದಕ್ಕೆ ಸಾವಿತ್ರಿ, "ಊಟಕ್ಕೆ ಬಡಿಸೋವಾಗ ನೋಡೋದು ಸಾಲ್ದಾ, ದೇವರ ಕೋಣೇಲೂ ನಿಮ್ಮ ಮುಖಾನೇ ನೋಡ್ಬೇಕಾ?" ಎಂದಳು.

ಇಷ್ಟು ವರ್ಷಗಳ ಮೇಲೆ ಎಲ್ಲರನ್ನೂ ನೆನೆಯುತ್ತೇನೆ. ಶಿವಲಿಂಗಪ್ಪನವರ ವಂಶ ಅವರ ಊದುಬತ್ತಿಯ ಪರಿಮಳದಂತೆ ಹರಡಲಿ. ರಸೂಲ್ ಸಾಬರ ಮಕ್ಕಳು ಮೊಮ್ಮಕ್ಕಳು ತಣ್ಣಗಿರಲಿ. ಸಾಕ್ಷಿಯಾಗಿ ನಿಂತ ಆ ಕುದುರೆಗೂ, ಪ್ರಾಣವನ್ನೇ ಕೊಟ್ಟ ಆ ಮೂರು ಮೀನುಗಳಿಗೂ ಸದ್ಗತಿಯಾಗಲಿ. ಮತ್ತಿ ಮರದ ಮರಿಗಳ ರೆಕ್ಕೆ ಬಲಿತು, ಅವುಗಳ ಸಂತತಿ ನೂರಾಗಿ ಭದ್ರೆಯ ಮೇಲೆ ಹಾರಲಿ. ನನ್ನ ಸಾವಿತ್ರಿ ದೀರ್ಘಸುಮಂಗಲಿಯಾಗಿರಲಿ. ಈ ಕಾರ್ಯದಲ್ಲಿ ಭಾಗವಹಿಸಿದವರೆಲ್ಲರಿಗೂ ಭಗವಂತನು ಶುಭವನ್ನು ಉಂಟುಮಾಡಲಿ. ನನಗೆಂದು ಬೇರೆಯಾಗಿ ಏನನ್ನೂ ಬೇಡುವುದಿಲ್ಲ. ನಾನು ಭಾಗವಹಿಸಿದವನಲ್ಲ, ಅಡ್ಡ ನಿಂತವನು!